ಮಳೆಗಾಲದಲ್ಲಿ ಘಾಟಿ ಇಳಿಯುವ ಮುಂಚೆ: ಕಾರನ್ನೂ ನಿಮ್ಮನ್ನೂ ಸಿದ್ಧ ಮಾಡಿಕೊಳ್ಳುವುದು ಹೇಗೆ

ಜೂನ್ ಬಂದರೆ ಸಾಕು, ಬೆಂಗಳೂರಿನಲ್ಲಿರುವ ನಮ್ಮ ಕರಾವಳಿಯವರ ಮಧ್ಯೆ ಒಂದೇ ಪ್ರಶ್ನೆ ಓಡಾಡುತ್ತದೆ: "ಶಿರಾಡಿ ಓಪನ್ ಉಂಟಾ?" ಊರಿಗೆ ಇಳಿಯುವ ಶಿರಾಡಿ ಘಾಟಿಯ ರಸ್ತೆ ಹೇಗಿದೆ ಅಂತ ಹತ್ತು ಜನರನ್ನು ಕೇಳುತ್ತೇವೆ. ಕಾರು ಹೇಗಿದೆ, ಅದನ್ನು ಓಡಿಸುವವರು ಹೇಗಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ಬೆಂಗಳೂರಿನಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 350 ಕಿ.ಮೀ. ಇದರಲ್ಲಿ ಸಕಲೇಶಪುರದವರೆಗಿನ ಸುಮಾರು 220 ಕಿ.ಮೀ. ಸಲೀಸು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಎಲ್ಲ ಅಗಲವಾದ ದಾರಿ. ಸವೆದ ಟೈರು, ಹಳೇ ಬ್ರೇಕ್ ಆಯಿಲ್, ಅರ್ಧ ನಿದ್ದೆ, ಇದ್ಯಾವುದೂ ಅಲ್ಲಿ ಗೊತ್ತಾಗುವುದೇ ಇಲ್ಲ. ಅದಾದ ಮೇಲೆ ದೋಣಿಗಾಲ್, ದೊಡ್ಡತಪ್ಪಲು, ಮಾರನಹಳ್ಳಿ, ಅಲ್ಲಿಂದ ಗುಂಡ್ಯದವರೆಗೆ ತಿರುವು, ಇಳಿಜಾರು, ಮಂಜು, ಎದುರಿಂದ ಸಾಲು ಸಾಲು ಗ್ಯಾಸ್ ಟ್ಯಾಂಕರ್. ಅಂದರೆ ಕಾರಿನ ನಿಜವಾದ ಪರೀಕ್ಷೆ ಶುರುವಾಗುವುದು ನೀವು ನಾಲ್ಕೈದು ಗಂಟೆ ಓಡಿಸಿ ದಣಿದ ಮೇಲೆ. ಅಲ್ಲಿಗೆ ಹೋದ ಮೇಲೆ ಸರಿಮಾಡಿಕೊಳ್ಳಲು ಆಗುವುದು ಬಹಳ ಕಡಿಮೆ, ಮನೆಯಲ್ಲೇ ಮಾಡಿಕೊಂಡು ಹೊರಡಬೇಕು. ಹದಿನೈದು ಮಳೆಗಾಲ ಈ ದಾರಿಯಲ್ಲಿ ಓಡಾಡಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಚಾರ್ಮಾಡಿ, ಸಂಪಾಜೆ, ಆಗುಂಬೆ, ಹುಲಿಕಲ್ ಯಾವುದರಲ್ಲಿ ಇಳಿದರೂ ಇದೇ ಲೆಕ್ಕ.

ಒಂದು ವಾರ ಮುಂಚೆ: ಟೈರಿನಿಂದ ಶುರು ಮಾಡಿ

ಹೊರಡುವ ಹಿಂದಿನ ದಿನ ಕಾರು ನೋಡಿದರೆ ಪ್ರಯೋಜನವಿಲ್ಲ. ಟೈರು ಸವೆದಿದೆ ಅಂತ ಶುಕ್ರವಾರ ಸಂಜೆ ಗೊತ್ತಾದರೆ ನಿಮ್ಮ ಅಳತೆಯ ಟೈರು ಅಂಗಡಿಯಲ್ಲಿ ಇರಬೇಕಲ್ಲ? ಗ್ಯಾರೇಜಿನಲ್ಲೂ ಅವತ್ತು ಜಾಗ ಇರುವುದಿಲ್ಲ. ಕೊನೆಗೆ "ಈ ಸಲ ಹೇಗೋ ಹೋಗಿ ಬರೋಣ" ಅಂತ ಹೊರಟೇಬಿಡುತ್ತೇವೆ. ಅದಕ್ಕೇ ಒಂದು ವಾರ.

ಟೈರಿನ ಮೇಲಿರುವ ಗೀರುಗಳು ಅಂದಕ್ಕಲ್ಲ. ರಸ್ತೆ ಮೇಲಿನ ನೀರನ್ನು ಪಕ್ಕಕ್ಕೆ ತಳ್ಳಿ ರಬ್ಬರು ನೆಲಕ್ಕೆ ತಾಗುವಂತೆ ಮಾಡುವುದೇ ಅವು. ಗೀರು ಸವೆದರೆ ನೀರು ಹೋಗಲು ದಾರಿಯಿಲ್ಲದೆ ಟೈರಿನ ಅಡಿಯಲ್ಲೇ ಉಳಿಯುತ್ತದೆ, ಕಾರು ನೀರಿನ ಮೇಲೆ ಜಾರುತ್ತದೆ. ಆ ಗಳಿಗೆಯಲ್ಲಿ ಸ್ಟೇರಿಂಗ್ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಕೇಳುವುದಿಲ್ಲ. ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರಿನ ದಿಣ್ಣೆಗಳಿರುತ್ತವೆ, ಬೆರಳಿಟ್ಟರೆ ಸಿಗುತ್ತವೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದರೆ ಗೀರಿನ ಆಳ 1.6 ಮಿ.ಮೀ.ಗೆ ಇಳಿದಿದೆ ಅಂತ ಅರ್ಥ, ಕಾನೂನಿನ ಪ್ರಕಾರವೂ ಅಲ್ಲಿಗೆ ಆ ಟೈರಿನ ಆಯಸ್ಸು ಮುಗಿಯಿತು. ಆದರೆ ಘಾಟಿ ಮಳೆಗೆ ನಾನು ಅಲ್ಲಿಯವರೆಗೆ ಕಾಯುವುದಿಲ್ಲ. ಮಕ್ಕಳ ಸ್ಕೇಲ್ ಹಿಡಿದು ನೋಡಿ 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಾಯಿಸಿಬಿಡುತ್ತೇನೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2321 ಅಂತಿದ್ದರೆ 2021ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿಸುವವರ ಕಾರಿನಲ್ಲಿ ಗೀರು ಚೆನ್ನಾಗಿಯೇ ಇರುತ್ತದೆ, ರಬ್ಬರು ಮಾತ್ರ ಒಣಗಿ ಬಿರುಕು ಬಿಟ್ಟಿರುತ್ತದೆ. ಬಗ್ಗಿ ನೋಡಿದರೆ ಆ ಬಿರುಕು ಕಾಣುತ್ತದೆ. ಪಕ್ಕದಲ್ಲಿ ಎಲ್ಲಾದರೂ ಗುಳ್ಳೆ ಹಾಗೆ ಉಬ್ಬಿದ್ದರೆ ಅದು ಹೊಂಡಕ್ಕೆ ಬಿದ್ದು ಒಳಗಿನ ನೂಲು ಹರಿದಿರುವುದು. ಅಂಥ ಟೈರಿನಲ್ಲಿ ಊರು ದಾಟಬೇಡಿ.

ಗಾಳಿಯ ಲೆಕ್ಕ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲಿದೆ. ಕಾರಿನ ತುಂಬ ಜನ, ಲಗೇಜು ಇದ್ದರೆ ಎಷ್ಟು ಅಂತ ಹೆಚ್ಚಿನ ಕಾರುಗಳಲ್ಲಿ ಬೇರೆ ಅಂಕಿ ಇರುತ್ತದೆ, ಊರಿಗೆ ಹೋಗುವಾಗ ಬೇಕಾದದ್ದು ಅದು. ಟೈರು ತಣ್ಣಗಿರುವಾಗ ನೋಡಿಸಿ, ಅಂದರೆ ಬೆಳಿಗ್ಗೆ, ಮನೆ ಹತ್ತಿರದ ಬಂಕಿನಲ್ಲಿ. ಮಳೆಯಲ್ಲಿ ಹಿಡಿತ ಸಿಗಲಿ ಅಂತ ಗಾಳಿ ಕಡಿಮೆ ಮಾಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಕಡಿಮೆಯಾದ ಟೈರು ನೀರಿನ ಮೇಲೆ ಇನ್ನೂ ಬೇಗ ಜಾರುತ್ತದೆ.

ಇನ್ನು ಸ್ಟೆಪ್ನಿ. ಒಂದು ವರ್ಷ ಆಲೂರು ದಾಟಿದ ಮೇಲೆ ರಾತ್ರಿ ಹತ್ತರ ಹೊತ್ತಿಗೆ ನನ್ನ ಕಾರಿನ ಹಿಂದಿನ ಎಡಗಡೆ ಟೈರು ಕಲ್ಲಿಗೆ ಸಿಕ್ಕಿ ಸೀಳಿತು. ಜೋರು ಮಳೆ. ಡಿಕ್ಕಿಯಿಂದ ಎಲ್ಲ ಚೀಲ ಹೊರಗಿಟ್ಟು ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇರಲಿಲ್ಲ. ಮೂರು ವರ್ಷದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಹೆಂಡತಿ, ಮಗು, ಅತ್ತೆ ಒಂದು ಮುಚ್ಚಿದ ಅಂಗಡಿಯ ಜಗಲಿ ಮೇಲೆ ಎರಡೂವರೆ ಗಂಟೆ ಕೂತಿದ್ದರು. ಕೊನೆಗೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ ತಮ್ಮ ಲಾರಿಯಿಂದಲೇ ಪೈಪ್ ಹಾಕಿ ಗಾಳಿ ತುಂಬಿಕೊಟ್ಟರು. ಅವರ ಹೆಸರು ಕೇಳುವುದೂ ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ, ಇವತ್ತಿಗೂ ಆ ಬೇಸರವಿದೆ. ಅಂದಿನಿಂದ ಗಾಳಿ ನೋಡಿಸುವಾಗ ನಾಲ್ಕಲ್ಲ, ಐದು ಟೈರು ಅಂತಲೇ ಹೇಳುತ್ತೇನೆ.

ಇನ್ನೊಂದು ಕೆಲಸ ಮನೆ ಮುಂದೆಯೇ ಮಾಡಿ ನೋಡಿ. ಕಾರಿನ ಜೊತೆ ಬಂದ ಸ್ಪ್ಯಾನರ್‌ನಿಂದ ಒಂದು ಚಕ್ರದ ನಟ್ಟು ಸಡಿಲ ಮಾಡಲು ಆಗುತ್ತದಾ? ಅಂಗಡಿಗಳಲ್ಲಿ ಗಾಳಿ ಮಷಿನ್ನಿನಿಂದ ಬಿಗಿದ ನಟ್ಟು ಎಷ್ಟೋ ಸಲ ಕೈಬಲಕ್ಕೆ ಬಗ್ಗುವುದಿಲ್ಲ. ಬಗ್ಗದಿದ್ದರೆ ಒಂದು ಉದ್ದ ಹಿಡಿಯ ಸ್ಪ್ಯಾನರ್ ಕೊಂಡಿಡಿ. ಜಾಕ್ ಎಲ್ಲಿ ಕೊಡಬೇಕು ಅಂತಲೂ ಒಮ್ಮೆ ನೋಡಿಕೊಳ್ಳಿ. ಸ್ಟೆಪ್ನಿ ಉಳಿದ ಟೈರುಗಳಿಗಿಂತ ಸಣ್ಣದಿದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ 80. ಅದರಲ್ಲಿ ಮುಂದಿನ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಹೋಗುವುದು.

ಬ್ರೇಕು: ಗ್ಯಾರೇಜಿನಲ್ಲಿ ಕೇಳಬೇಕಾದ ಒಂದು ಪ್ರಶ್ನೆ

ಬ್ರೇಕ್ ಪ್ಯಾಡ್ ನೋಡಿ ಅಂದರೆ ಎಲ್ಲರೂ ನೋಡುತ್ತಾರೆ. ನೀವು ಬಾಯಿಬಿಟ್ಟು ಕೇಳಬೇಕಾದದ್ದು "ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯಿತು?" ಅಂತ. ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಪಸೆ ಹೀರಿಕೊಳ್ಳುತ್ತದೆ. ಎರಡು ಮೂರು ವರ್ಷವಾದರೆ ಅದು ಬೇಗ ಕುದಿಯುವ ಹಾಗಾಗುತ್ತದೆ. ಊರೊಳಗೆ ಇದರಿಂದ ಏನೂ ತೊಂದರೆ ಕಾಣುವುದಿಲ್ಲ. ಘಾಟಿಯಲ್ಲಿ ಅರ್ಧ ಗಂಟೆ ಬ್ರೇಕ್ ಒತ್ತುತ್ತಲೇ ಇಳಿದಾಗ ಶಾಖ ಏರಿ ಆಯಿಲ್ ಕುದಿದು ಒಳಗೆ ಗುಳ್ಳೆ ಏಳುತ್ತದೆ, ಆಗ ಪೆಡಲ್ ಮೆತ್ತಗಾಗಿ ನೆಲದವರೆಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ನಿಮ್ಮ ಕಾರಿನ ಪುಸ್ತಕದಲ್ಲಿ ಎಷ್ಟು ಅಂತ ಬರೆದಿರುತ್ತದೆ. ಖರ್ಚು ಜಾಸ್ತಿಯೇನಲ್ಲ. ಕಾರು ಒಂದು ಕಡೆಗೆ ಎಳೆಯುತ್ತದೆ, ಬ್ರೇಕ್ ಒತ್ತಿದರೆ ಕಬ್ಬಿಣ ಉಜ್ಜಿದ ಸದ್ದು ಬರುತ್ತದೆ, ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತದೆ ಅನ್ನಿಸಿದರೆ ಅದನ್ನೂ ಅವತ್ತೇ ಹೇಳಿ.

ಕಾಣುವುದು, ಕಾಣಿಸಿಕೊಳ್ಳುವುದು

ವೈಪರ್ ರಬ್ಬರು ಒಂದು ವರ್ಷದ ವಸ್ತು. ಬಿಸಿಲಿಗೆ ಒಣಗಿ ಗಟ್ಟಿಯಾದ ರಬ್ಬರು ನೀರನ್ನು ಒರೆಸುವ ಬದಲು ಗಾಜಿನ ತುಂಬ ಹರಡುತ್ತದೆ. ರಾತ್ರಿ ಎದುರಿನ ಲೈಟು ಬಿದ್ದಾಗ ಆ ಹರಡಿದ ನೀರಿನಲ್ಲಿ ಏನೂ ಕಾಣುವುದಿಲ್ಲ. ಮೇ ಕೊನೆಗೆ ಬದಲಾಯಿಸಿ. ನೀರಿನ ಡಬ್ಬಿಗೆ ಸ್ವಲ್ಪ ಶಾಂಪೂ ಹಾಕಿದರೆ ಲಾರಿ ಚಿಮ್ಮಿಸಿದ ಕೆಸರು, ಎಣ್ಣೆ ಜಿಡ್ಡು ಹೋಗುತ್ತದೆ. ಸೋಪಿನ ಪುಡಿ ಬೇಡ, ಕಟ್ಟಿಕೊಳ್ಳುತ್ತದೆ. ಗಾಜಿನ ಒಳಮೈಯನ್ನೂ ಒರೆಸಿ. ಅದರ ಮೇಲೆ ತೆಳುವಾಗಿ ಜಿಡ್ಡು ಕೂತಿರುತ್ತದೆ, ಮಂಜು ಕಟ್ಟುವುದು ಅದರ ಮೇಲೆ ಜಾಸ್ತಿ.

ಮಂಜಿನ ವಿಚಾರದಲ್ಲಿ ತುಂಬ ಜನರಿಗೆ ಗೊಂದಲ. ಮಂಜು ಗಾಜಿನ ಒಳಗೆ ಕಟ್ಟಿದ್ದರೆ ಎ.ಸಿ. ಹಾಕಿ, ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಗುಂಡಿ ಒತ್ತಿ. ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ಐದು ಜನರ ಉಸಿರು ಅಲ್ಲೇ ಉಳಿದು ಗಾಜು ಮತ್ತೆ ಮತ್ತೆ ಮಬ್ಬಾಗುತ್ತದೆ. ಮಂಜು ಗಾಜಿನ ಹೊರಗಡೆ ಕಟ್ಟಿದ್ದರೆ ಎ.ಸಿ. ಅತಿ ತಣ್ಣಗಾಗಿದೆ ಅಂತ ಅರ್ಥ. ಸ್ವಲ್ಪ ಬಿಸಿ ಕಡೆಗೆ ತಿರುಗಿಸಿ ವೈಪರ್ ಒಂದೆರಡು ಸಲ ಆಡಿಸಿದರೆ ಹೋಗುತ್ತದೆ. ಓಡಿಸುತ್ತಾ ಕೈಯಿಂದ ಗಾಜು ಒರೆಸುವ ಅಭ್ಯಾಸ ಬಿಡಿ.

ಸಂಜೆ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಎಲ್ಲ ಲೈಟು ಹಾಕಿ ನೋಡಿ. ಎರಡು ಹೆಡ್‌ಲೈಟಿನ ಬೆಳಕೂ ಒಂದೇ ಎತ್ತರದಲ್ಲಿ ಬೀಳಬೇಕು. ಬ್ರೇಕ್ ಲೈಟಿಗೆ ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ. ಘಾಟಿ ಮಂಜಿನಲ್ಲಿ ಹಿಂದಿನವರಿಗೆ ನಿಮ್ಮ ಕಾರು ಅಂದರೆ ಆ ಎರಡು ಕೆಂಪು ಚುಕ್ಕಿ ಮಾತ್ರ.

ಬ್ಯಾಟರಿಗೆ ನಾಲ್ಕು ವರ್ಷವಾಗಿದ್ದರೆ ಪರೀಕ್ಷೆ ಮಾಡಿಸಿ. ಮಳೆಯಲ್ಲಿ ವೈಪರ್, ಹೆಡ್‌ಲೈಟು, ಎ.ಸಿ., ಹಿಂದಿನ ಗಾಜಿನ ಹೀಟರ್ ಎಲ್ಲವೂ ಒಟ್ಟಿಗೆ ಓಡುತ್ತವೆ. ಎಂಜಿನ್ ಆಯಿಲ್, ಕೂಲಂಟ್ ಮಟ್ಟ ನೋಡುವುದು ಎರಡು ನಿಮಿಷದ ಕೆಲಸ, ಆದರೆ ಎಂಜಿನ್ ಬಿಸಿಯಿರುವಾಗ ಕೂಲಂಟ್ ಮುಚ್ಚಳ ತೆರೆಯಲೇಬೇಡಿ. ಬಾನೆಟ್ ಎತ್ತಿದಾಗ ವೈರುಗಳನ್ನೂ ಒಮ್ಮೆ ನೋಡಿ. ಮಳೆ ಶುರುವಾದರೆ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುತ್ತವೆ.

ಹಿಂದಿನ ದಿನ: ಸಾಮಾನು, ದಾರಿ, ಕಾಗದ

ಭಾರದ್ದೆಲ್ಲ ಡಿಕ್ಕಿಯಲ್ಲಿ, ಅದೂ ಕೆಳಗೆ. ಹಿಂದಿನ ಗಾಜಿನ ಬಳಿ ಏನೂ ಬೇಡ, ಸೀಟಿನ ಮೇಲೆ ಸಡಿಲವಾಗಿ ಏನೂ ಬೇಡ. ಊರಿಂದ ವಾಪಸ್ ಬರುವಾಗ ಇದು ಇನ್ನೂ ಮುಖ್ಯ. ಅಮ್ಮ ಕೊಟ್ಟ ಹಲಸಿನಹಣ್ಣು, ತೆಂಗಿನಕಾಯಿ, ಕುಚ್ಚಲಕ್ಕಿ ಚೀಲ ಎಲ್ಲ ಹಿಂದಿನ ಸೀಟಿನಲ್ಲಿ ಮಕ್ಕಳ ಪಕ್ಕ ಕೂತಿರುತ್ತವೆ ಅಲ್ವಾ? ಜೋರಾಗಿ ಬ್ರೇಕ್ ಹಾಕಿದಾಗ ಕಾರು ನಿಲ್ಲುತ್ತದೆ, ಹತ್ತು ಕಿಲೋ ಹಲಸು ನಿಲ್ಲುವುದಿಲ್ಲ. ಚೀಲದಿಂದ ಉರುಳಿದ ಒಂದು ತೆಂಗಿನಕಾಯಿ ಡ್ರೈವರ್ ಕಾಲಡಿಗೆ ಬಂದು ಬ್ರೇಕ್ ಪೆಡಲ್ ಹಿಂದೆ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಯೋಚಿಸಿ. ನೀರಿನ ಬಾಟಲಿಯ ಕಥೆಯೂ ಅದೇ, ಡ್ರೈವರ್ ಸೀಟಿನ ಹತ್ತಿರ ನೆಲದ ಮೇಲೆ ಇಡಲೇಬೇಡಿ. ಮ್ಯಾಟ್ ಜಾರಿ ಪೆಡಲ್ ಕೆಳಗೆ ಹೋಗದಂತೆ ಕೊಕ್ಕೆಗೆ ಸಿಕ್ಕಿಸಿ.

ಡಿಕ್ಕಿಯಲ್ಲಿ ಕೈಗೆ ಸಿಗುವ ಹಾಗೆ ಇರಬೇಕಾದವು: ಜಾಕ್, ಸ್ಪ್ಯಾನರ್, ಕೆಂಪು ತ್ರಿಕೋನ, ಟಾರ್ಚು, ಒಂದು ರೇನ್‌ಕೋಟು, ಹಳೇ ಟವೆಲ್, ಪ್ರಥಮ ಚಿಕಿತ್ಸೆಯ ಡಬ್ಬಿ. ಮುಂದೆ ಕುಡಿಯುವ ನೀರು, ಬಿಸ್ಕತ್ತು, ಫೋನ್ ಚಾರ್ಜರ್. ಛತ್ರಿ ಇದ್ದರೂ ರೇನ್‌ಕೋಟು ಬೇಕು, ಟೈರು ಬದಲಾಯಿಸಲು ಎರಡು ಕೈ ಬೇಕಲ್ಲ.

ಕಾಗದಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೈಸೆನ್ಸ್, ಆರ್.ಸಿ., ಇನ್ಶೂರೆನ್ಸ್, ಹೊಗೆ ಪರೀಕ್ಷೆಯ ಪತ್ರ, ಇವು ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇದ್ದರೂ ನಡೆಯುತ್ತದೆ. ಇನ್ಶೂರೆನ್ಸ್ ದಿನಾಂಕ ಮುಗಿದಿಲ್ಲ ಅಂತ ನೋಡಿಕೊಳ್ಳಿ, ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ.

ದಾರಿಯ ವಿಚಾರ ಮಾತ್ರ ಕೂತು ಯೋಚಿಸಬೇಕಾದದ್ದು. 2018ರ ಆಗಸ್ಟಿನಲ್ಲಿ ಶಿರಾಡಿಯೂ ಸಂಪಾಜೆ ದಾರಿಯೂ ಗುಡ್ಡ ಕುಸಿದು ಬಂದಾದವು. ಮರುವರ್ಷ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಜೋರು ಮಳೆಯಿದ್ದಾಗ ಜಿಲ್ಲಾಡಳಿತ ಒಂದೊಂದು ಘಾಟಿಯನ್ನು ಪೂರ್ತಿಯಾಗಿ ಅಥವಾ ರಾತ್ರಿ ಹೊತ್ತು ಮಾತ್ರ ಮುಚ್ಚುತ್ತದೆ. ಹೊರಡುವ ದಿನ ಬೆಳಿಗ್ಗೆ ಹಾಸನ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಸುದ್ದಿ ನೋಡಿ. ಒಂದು ದಾರಿ ಮುಚ್ಚಿದರೆ ಯಾವ ದಾರಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಘಾಟಿಯಲ್ಲಿ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ. ಸಕಲೇಶಪುರ ದಾಟುವಾಗ ಅರ್ಧ ಟ್ಯಾಂಕಾದರೂ ಇರಲಿ. ಒಂದು ಟ್ಯಾಂಕರ್ ಅಡ್ಡ ನಿಂತರೆ ಮೂರು ನಾಲ್ಕು ಗಂಟೆ ಅಲ್ಲೇ.

ರೆಡ್ ಅಲರ್ಟ್ ಇದ್ದರೆ ಹೊರಡಬೇಡಿ. ಮದುವೆಯಾದರೂ, ಪೂಜೆಯಾದರೂ. ಒಂದು ದಿನ ತಡವಾಗಿ ಹೋದರೆ ಮನೆಯವರು ಅರ್ಥ ಮಾಡಿಕೊಳ್ಳುತ್ತಾರೆ.

ಈಗ ನಿಮ್ಮ ಸರದಿ

ಕಾರಿಗೆ ಇಷ್ಟೆಲ್ಲ ಮಾಡಿ ಓಡಿಸುವವರು ನಿದ್ದೆಗೆಟ್ಟು ಕೂತರೆ ಎಲ್ಲವೂ ವ್ಯರ್ಥ. ನಮ್ಮ ಜನರ ದೊಡ್ಡ ತಪ್ಪು ಅಂದರೆ ಶುಕ್ರವಾರ ಆಫೀಸು ಮುಗಿಸಿ ಊಟ ಮಾಡಿ ರಾತ್ರಿ ಹತ್ತಕ್ಕೆ ಹೊರಡುವುದು. "ರಾತ್ರಿ ಟ್ರಾಫಿಕ್ ಇರಲ್ಲ, ಬೆಳಿಗ್ಗೆ ಊರಲ್ಲಿ ಕಾಫಿ ಕುಡಿಯಬಹುದು." ಲೆಕ್ಕ ಹಾಕಿ. ಬೆಳಿಗ್ಗೆ ಆರೂವರೆಗೆ ಎದ್ದವರು ಘಾಟಿ ತಲುಪುವುದು ರಾತ್ರಿ ಎರಡೂವರೆ ಮೂರಕ್ಕೆ, ಅಂದರೆ ಎದ್ದು ಇಪ್ಪತ್ತು ಗಂಟೆಯಾದ ಮೇಲೆ. ರಾತ್ರಿ ಎರಡರಿಂದ ಐದರವರೆಗೆ ದೇಹ ನಿದ್ದೆಯನ್ನು ಅತಿ ಜೋರಾಗಿ ಕೇಳುವ ಹೊತ್ತು. ಅಷ್ಟು ಹೊತ್ತು ಎಚ್ಚರ ಇದ್ದವರ ಕೈಕಾಲು, ಕಣ್ಣು ಎಲ್ಲ ಕುಡಿದವರ ಹಾಗೇ ನಿಧಾನವಾಗುತ್ತವೆ, ಒಂದು ಹನಿ ಮುಟ್ಟದಿದ್ದರೂ. 80ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್ ಕಾರನ್ನು ಯಾರೂ ಓಡಿಸುತ್ತಿಲ್ಲ.

ನಾನು ಹೇಳುವುದು ಹೀಗೆ. ಶುಕ್ರವಾರ ಒಂಬತ್ತೂವರೆಗೆ ಮಲಗಿ, ಶನಿವಾರ ಬೆಳಿಗ್ಗೆ ಐದಕ್ಕೆ ಹೊರಡಿ. ಮಧ್ಯೆ ತಿಂಡಿಗೆ ನಿಂತರೂ ಹತ್ತು ಹತ್ತೂವರೆಗೆ ಸಕಲೇಶಪುರ. ಘಾಟಿ ಪೂರ್ತಿ ಹಗಲು ಬೆಳಕಿನಲ್ಲಿ ಸಿಗುತ್ತದೆ. ಶಿರಾಡಿ, ಆಲೂರು, ಸಕಲೇಶಪುರದ ಕಡೆ ಆನೆಗಳ ಓಡಾಟವೂ ಇದೆ, ಕತ್ತಲಲ್ಲಿ ರಸ್ತೆ ಮೇಲೆ ನಿಂತ ಆನೆ ಹತ್ತಿರ ಬರುವವರೆಗೆ ಕಾಣುವುದಿಲ್ಲ.

ದಾರಿಯಲ್ಲಿ ಪದೇ ಪದೇ ಆಕಳಿಕೆ ಬಂದರೆ, ಕಳೆದ ಎರಡು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪಾಗದಿದ್ದರೆ, ನಿಲ್ಲಿಸಿ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕುವುದು ಇವೆಲ್ಲ ಐದು ಹತ್ತು ನಿಮಿಷದ ಆಟ. ಜನ ಇರುವ ಬಂಕು ಅಥವಾ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿದು ತಕ್ಷಣ ಸೀಟು ಹಿಂದಕ್ಕೆ ಮಾಡಿ ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಶುರು ಮಾಡುವ ಹೊತ್ತಿಗೆ ನಿದ್ದೆಯೂ ಮುಗಿದಿರುತ್ತದೆ. ನಿದ್ದೆ ಬಾರದಿದ್ದರೂ ಎರಡು ಗಂಟೆಗೊಮ್ಮೆ ಇಳಿದು ಓಡಾಡಿ.

ಮಾತ್ರೆಗಳ ಬಗ್ಗೆ ಎಚ್ಚರ. ಘಾಟಿ ಅಂದರೆ ವಾಂತಿ ಅಂತ ಮನೆಯವರೆಲ್ಲ ವಾಂತಿ ಮಾತ್ರೆ ನುಂಗುವಾಗ ಓಡಿಸುವವರೂ ಒಂದು ನುಂಗಿಬಿಡುತ್ತಾರೆ. ಅವುಗಳಲ್ಲಿ ಹೆಚ್ಚಿನವು ನಿದ್ದೆ ಬರಿಸುತ್ತವೆ. ನೆಗಡಿ, ಅಲರ್ಜಿ, ಕೆಮ್ಮಿನ ಔಷಧಿಗಳೂ ಹಾಗೇ. ಓಡಿಸುವವರಿಗೆ ಸಾಮಾನ್ಯವಾಗಿ ವಾಂತಿ ಬರುವುದಿಲ್ಲ, ಕಣ್ಣು ರಸ್ತೆ ಮೇಲೇ ಇರುತ್ತದಲ್ಲ. ಔಷಧಿ ಬೇಕೇ ಬೇಕಿದ್ದರೆ ಓಡಿಸಬೇಕಿದೆ ಅಂತ ಡಾಕ್ಟರಿಗೆ ಹೇಳಿ ಕೇಳಿ. ಕುಡಿತದ ಬಗ್ಗೆ: ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ನನ್ನ ಮಿತಿ ಸೊನ್ನೆ, ಹಿಂದಿನ ರಾತ್ರಿಯದ್ದೂ ಸೇರಿ. ತಡರಾತ್ರಿ ಕುಡಿದದ್ದು ಬೆಳಿಗ್ಗೆ ಐದಕ್ಕೆ ಪೂರ್ತಿ ಇಳಿದಿರುವುದಿಲ್ಲ.

ಊಟ ಹಗುರ ಇರಲಿ. ಇಡ್ಲಿ, ಎರಡು ನೀರುದೋಸೆ ಸಾಕು. ಹವಾಯಿ ಚಪ್ಪಲಿ ಹಾಕಿ ಓಡಿಸಬೇಡಿ, ಒದ್ದೆಯಾದರೆ ಪೆಡಲ್ ಮೇಲೆ ಜಾರುತ್ತದೆ. ಕನ್ನಡಕದ ನಂಬರ್ ಬದಲಾಗಿರಬಹುದು ಅನ್ನಿಸಿದರೆ ಈ ವಾರವೇ ತೋರಿಸಿ. ಮನೆಯಲ್ಲಿ ಜಗಳವಾಗಿ ತಲೆ ಬಿಸಿಯಾಗಿದ್ದರೆ ಅರ್ಧ ಗಂಟೆ ತಡವಾಗಿ ಹೊರಡಿ, ಅಥವಾ ಸ್ಟೇರಿಂಗ್ ಇನ್ನೊಬ್ಬರಿಗೆ ಕೊಡಿ.

ಕಾರು ಶುರು ಮಾಡುವ ಮುಂಚಿನ ಐದು ನಿಮಿಷ

ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಹತ್ತಿರ ಕೂರಿ. ಬೆನ್ನು ಸೀಟಿಗೆ ತಾಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗ್ ಮೇಲ್ತುದಿಗೆ ಬರಬೇಕು. ಹೆಡ್‌ರೆಸ್ಟ್ ತಲೆಯ ಹಿಂಭಾಗದ ಎತ್ತರಕ್ಕೆ ಬರಲಿ, ಕುತ್ತಿಗೆಗಲ್ಲ. ಕನ್ನಡಿಗಳನ್ನು ಕೂತ ಮೇಲೆ ಹೊಂದಿಸಿ.

ಬೆಲ್ಟ್ ಎಲ್ಲರಿಗೂ, ಹಿಂದೆ ಕೂತವರಿಗೂ. ಹಾಕದಿದ್ದರೆ 1,000 ರೂಪಾಯಿ ದಂಡವಿದೆ, ಅದು ಸಣ್ಣ ವಿಷಯ. ಬೆಲ್ಟ್ ಇಲ್ಲದೆ ಹಿಂದೆ ಕೂತ ದೊಡ್ಡವರು ಡಿಕ್ಕಿಯಾದಾಗ ಮುಂದಿನ ಸೀಟಿನ ಮೇಲೆ ಅಪ್ಪಳಿಸುತ್ತಾರೆ, ತಾವೂ ಹೋಗುತ್ತಾರೆ, ಮುಂದಿನವರನ್ನೂ ಕೊಲ್ಲಬಹುದು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ದೇಶವೆಲ್ಲ ಮಾತಾಡಿತು. ಒಂದೆರಡು ವಾರದಲ್ಲಿ ಮರೆತೂಬಿಟ್ಟಿತು. ಬೆಲ್ಟ್ ಹೆಗಲ ಮೂಳೆಯ ಮೇಲೆ, ಸೊಂಟದ ಮೂಳೆಯ ಮೇಲೆ ಬರಬೇಕು, ಹೊಟ್ಟೆ ಮೇಲಲ್ಲ. ಗರ್ಭಿಣಿಯರಿಗೆ ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ. ಅಜ್ಜಿ "ನನಗೆ ಉಸಿರು ಕಟ್ಟುತ್ತದೆ ಮಗಾ" ಅಂದರೂ ಬಿಡಬೇಡಿ, ಎತ್ತರ ಸರಿಮಾಡಿ ಕುತ್ತಿಗೆಗೆ ತಾಗದಂತೆ ಹಾಕಿಕೊಡಿ. ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸುವುದು ಎಲ್ಲಕ್ಕಿಂತ ಅಪಾಯ, ಏರ್‌ಬ್ಯಾಗ್ ತೆರೆದರೆ ಮಗು ಅದಕ್ಕೂ ನಿಮಗೂ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಸಣ್ಣ ಮಕ್ಕಳಿಗೆ ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು.

ಹೆದ್ದಾರಿಯಲ್ಲಿ, ಘಾಟಿಯಲ್ಲಿ

ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ರಸ್ತೆ ಅತಿ ಜಾರು. ಎಷ್ಟೋ ದಿನದ ಎಣ್ಣೆ, ಧೂಳು ನೀರಿನ ಜೊತೆ ಸೇರಿರುತ್ತದೆ. ಮುಂದಿನ ವಾಹನ ಒಂದು ಕಂಬ ದಾಟಿದಾಗ "ನೂರಾ ಒಂದು, ನೂರಾ ಎರಡು" ಅಂತ ಎಣಿಸಿ. ಒಣ ರಸ್ತೆಯಲ್ಲಿ ನೂರಾ ಎರಡು ಮುಗಿಯುವವರೆಗಾದರೂ ನೀವು ಆ ಕಂಬಕ್ಕೆ ಬಂದಿರಬಾರದು, ಮಳೆಯಲ್ಲಿ ನೂರಾ ನಾಲ್ಕು. ಕಾರು ನೀರಿನ ಮೇಲೆ ತೇಲಿದ ಹಾಗೆ ಅನ್ನಿಸಿದರೆ ಬ್ರೇಕ್ ಒತ್ತದೆ, ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆಯಿರಿ. ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಬೇಡ. ಓಡುತ್ತಿರುವ ಕಾರಿಗೆ ನಾಲ್ಕೂ ಇಂಡಿಕೇಟರ್ ಹಾಕುವ ಅಭ್ಯಾಸವೂ ಬೇಡ. ನೀವು ಎಡಕ್ಕೆ ಹೋಗುತ್ತೀರೋ ಬಲಕ್ಕೋ, ನಿಂತಿದ್ದೀರೋ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ. ಕಾಣಿಸಿಕೊಳ್ಳಲು ಹೆಡ್‌ಲೈಟು ಲೋ ಬೀಮ್ ಸಾಕು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ತಾಗಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಸಕಲೇಶಪುರದಲ್ಲಿ ಒಂದು ಕಾಫಿಗೆ ನಿಲ್ಲಿ. ನಿಂತಾಗ ಟೈರು, ಲೈಟು ಒಮ್ಮೆ ನೋಡಿ, ಗಾಜು ಒರೆಸಿ.

ಇಳಿಯುವಾಗ ಹಳೇ ಡ್ರೈವರುಗಳು ಹೇಳುವ ಮಾತು: ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಸದ್ದು ಜಾಸ್ತಿಯಾಗುತ್ತದೆ, ಹೆದರಬೇಡಿ. ವೇಗ ಏರಿದರೆ ಬ್ರೇಕನ್ನು ಗಟ್ಟಿಯಾಗಿ ಒಂದೆರಡು ಸೆಕೆಂಡ್ ಒತ್ತಿ, ಪೂರ್ತಿ ಬಿಡಿ. ಕಾಲನ್ನು ಸುಮ್ನೆ ಬ್ರೇಕ್ ಮೇಲೆ ಇಟ್ಟುಕೊಂಡೇ ಇಳಿಯುವುದರಿಂದಲೇ ಬ್ರೇಕ್ ಸುಡುವುದು. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರಿಗೆ ಒಂದು ಮಾತು: ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಇಂಧನ ಬೇಕು. ಅಂದರೆ ಉಳಿಯುವುದೂ ಇಲ್ಲ, ಹಿಡಿತವೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿದರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟೇರಿಂಗೂ ಭಾರವಾಗುತ್ತದೆ.

ಆಟೋಮ್ಯಾಟಿಕ್ ಕಾರಿನವರು 'ಎಲ್' ಅಥವಾ '2' ಅಥವಾ ಮ್ಯಾನುವಲ್ ಮೋಡ್ ಎಲ್ಲಿದೆ, ಹೇಗೆ ಹಾಕುವುದು ಅಂತ ಮನೆಯಲ್ಲೇ ಪುಸ್ತಕ ನೋಡಿ ಕಲಿತುಕೊಳ್ಳಿ. ಬ್ಯಾಟರಿ ಕಾರಿನವರಿಗೆ ಇನ್ನೊಂದು ಸೂಕ್ಷ್ಮ: ಬ್ಯಾಟರಿ 100% ತುಂಬಿದ್ದರೆ ಇಳಿಜಾರಿನಲ್ಲಿ ಅದಕ್ಕೆ ಮತ್ತೆ ಚಾರ್ಜ್ ತೆಗೆದುಕೊಳ್ಳಲು ಜಾಗವಿರುವುದಿಲ್ಲ, ಆಗ ಮೋಟಾರಿನ ಬ್ರೇಕಿಂಗ್ ತುಂಬ ಕಡಿಮೆಯಾಗುತ್ತದೆ. ಘಾಟಿಯ ಮೇಲ್ಭಾಗದಲ್ಲಿ ಪೂರ್ತಿ ತುಂಬಿಸಬೇಡಿ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ ಅಗಲ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಬಿಸಿ ಬ್ರೇಕಿಗೆ ನೀರು ಹಾಕಬೇಡಿ. ಪೆಡಲ್ ಪೂರ್ತಿ ಕೆಳಗೆ ಹೋಗಿಯೇಬಿಟ್ಟರೆ ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ, ಕಣಿವೆಯಿಂದ ದೂರ, ಗುಡ್ಡದ ಬದಿಗೆ ತನ್ನಿ.

ಕಿರಿದಾದ ಜಾಗದಲ್ಲಿ ಹತ್ತುವ ವಾಹನಕ್ಕೆ ಮೊದಲು ದಾರಿ, ನಿಯಮವೂ ಅದೇ. ತುಂಬಿದ ಲಾರಿ ಏರಿನಲ್ಲಿ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟ ಅಂತ ಯೋಚಿಸಿ ನಿಲ್ಲಿ. ಕಾಣದ ತಿರುವಿನಲ್ಲಿ ಹಾರ್ನ್ ಮಾಡಿ, ಓವರ್‌ಟೇಕ್ ಬೇಡವೇ ಬೇಡ.

ಫೋಟೋಗೆ, ಜಲಪಾತಕ್ಕೆ, ಚಹಾಕ್ಕೆ ಅಂತ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿದಾಗ ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದವರು, ವಾಹನಗಳು ಎಲ್ಲ ಗಂಗಾವಳಿ ಕಡೆಗೆ ಕೊಚ್ಚಿಹೋದವು. ಗುಡ್ಡದಿಂದ ಕೆಂಪು ನೀರು ಹರಿಯುತ್ತಿದ್ದರೆ, ಸಣ್ಣ ಕಲ್ಲುಗಳು ಉರುಳುತ್ತಿದ್ದರೆ, ಮರ ಹೊಸದಾಗಿ ವಾಲಿದ್ದರೆ ಅಲ್ಲಿ ಒಂದು ನಿಮಿಷವೂ ಬೇಡ.

ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಒಂದು ಅಡಿ ನೀರು ಸಣ್ಣ ಕಾರನ್ನು ಎತ್ತಿಬಿಡುತ್ತದೆ. ನಿಂತ ನೀರಿನಲ್ಲಿ ಎಂಜಿನ್ ಬಂದಾದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಒಳಗೆ ನೀರು ಸೇರಿದ್ದರೆ ಎಂಜಿನ್ ಮುರಿಯುತ್ತದೆ. ಪ್ರತ್ಯೇಕವಾಗಿ ಎಂಜಿನ್ ರಕ್ಷಣೆ ತೆಗೆದುಕೊಳ್ಳದಿದ್ದರೆ ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಆ ದುಡ್ಡು ಬರುವುದು ಕಷ್ಟ.

ಕೆಟ್ಟು ನಿಂತರೆ

ಆದಷ್ಟು ಎಡಕ್ಕೆ ತನ್ನಿ. ನಾಲ್ಕೂ ಇಂಡಿಕೇಟರ್ ಹಾಕಬೇಕಾದದ್ದು ಈಗ. ಎಲ್ಲರನ್ನೂ ಇಳಿಸಿ ಕಾರಿನಿಂದ ದೂರ, ರಸ್ತೆಯಿಂದ ಹೊರಗೆ ನಿಲ್ಲಿಸಿ. ತ್ರಿಕೋನವನ್ನು ಕಾರಿನ ಹಿಂದೆ ಸುಮಾರು 50 ಮೀಟರ್ ದೂರದಲ್ಲಿಡಿ. ತಿರುವಿನ ಆಚೆ ನಿಂತಿದ್ದರೆ ತಿರುವಿಗೆ ಮುಂಚೆಯೇ ಇಡಿ. ನಮ್ಮ ಕಡೆ ಸೊಪ್ಪಿನ ಕೊಂಬೆ ಮುರಿದು ರಸ್ತೆ ಮೇಲೆ ಇಡುವುದು ಹಳೇ ಪದ್ಧತಿ, ಅದೂ ನಡೆಯುತ್ತದೆ. ಕಲ್ಲು ಮಾತ್ರ ಇಡಬೇಡಿ, ಇಟ್ಟವರು ಹೋಗುವಾಗ ತೆಗೆಯುವುದಿಲ್ಲ, ರಾತ್ರಿ ಬೈಕಿನವರು ಅದರ ಮೇಲೆ ಬೀಳುತ್ತಾರೆ.

ತುರ್ತಿಗೆ 112, ಆಂಬ್ಯುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿ ಸಹಾಯಕ್ಕೆ 1033. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿ ಇಡಿ, ಫೋನ್ ಲಾಕ್ ಆಗಿದ್ದರೂ ಬೇರೆಯವರು ನೋಡಬಹುದು. ಕಿ.ಮೀ. ಕಲ್ಲಿನ ಮೇಲಿನ ಅಂಕಿ ಹೇಳಿದರೆ ಅವರು ಬೇಗ ಬರುತ್ತಾರೆ. ಬೇರೆಯವರ ಅಪಘಾತ ಕಂಡರೆ ನಿಲ್ಲಿ. ಗಾಯಗೊಂಡವರಿಗೆ ಸಹಾಯ ಮಾಡಿದವರಿಗೆ 2019ರ ತಿದ್ದುಪಡಿಯಿಂದ ಕಾನೂನಿನ ರಕ್ಷಣೆ ಇದೆ, ಹೆಸರು ಹೇಳಲೇಬೇಕು ಅಂತಲೂ ಇಲ್ಲ.

ವಾಪಸ್ ಹೊರಡುವಾಗ

ಊರಲ್ಲಿ ನಾಲ್ಕು ದಿನ ಮಳೆಯಲ್ಲಿ ನಿಲ್ಲಿಸುವ ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಹಿಡಿದುಕೊಂಡುಬಿಡುತ್ತದೆ. ಸಮತಟ್ಟಾದ ಅಂಗಳದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಒಂದು ಕಲ್ಲು ಕೊಡಿ. ಹೊರಡುವ ಹಿಂದಿನ ಸಂಜೆ ಕಲ್ಲು ತೆಗೆದು ಒಂದು ಸುತ್ತು ಓಡಿಸಿ ನೋಡಿ. ಮೊದಲ ಎರಡು ಮೂರು ಬ್ರೇಕಿಗೆ ಕರಕರ ಸದ್ದು ಬಂದು ಹೋದರೆ ಅದು ಡಿಸ್ಕಿನ ತುಕ್ಕು. ಹೋಗದಿದ್ದರೆ ಘಾಟಿ ಹತ್ತುವ ಮುಂಚೆ, ಬಿ.ಸಿ. ರೋಡಿನಲ್ಲೋ ಉಪ್ಪಿನಂಗಡಿಯಲ್ಲೋ ಗ್ಯಾರೇಜಿಗೆ ತೋರಿಸಿ. ಹಲಸು, ಅಕ್ಕಿ, ತೆಂಗಿನಕಾಯಿ ತುಂಬಿದ ಮೇಲೆ ಟೈರಿನ ಗಾಳಿ ಇನ್ನೊಮ್ಮೆ ನೋಡಿಸಿ, ಐದಕ್ಕೂ.